ವಿ. ಸೋಮಣ್ಣ: ಬೆಂಗಳೂರು ಪಾಲಿಕೆಯಿಂದ ಕೇಂದ್ರ ಸಚಿವಾಲಯದವರೆಗೆ

ವಿ. ಸೋಮಣ್ಣ ಬೆಂಗಳೂರಿನ ಪಶ್ಚಿಮ ಭಾಗದಿಂದ ಬೆಳೆದುಬಂದ ರಾಜಕಾರಣಿ. 1983ರಲ್ಲಿ ಬೆಂಗಳೂರು ನಗರ ಪಾಲಿಕೆಯ ಕಾರ್ಪೊರೇಟರ್ ಆಗಿ ಆರಂಭಿಸಿ, ವಿಧಾನಸಭೆ, ವಿಧಾನ ಪರಿಷತ್ತು, ರಾಜ್ಯ ಸಚಿವ ಸಂಪುಟಗಳನ್ನು ಹಾದು, 2024ರಲ್ಲಿ ತುಮಕೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಅದೇ ವರ್ಷದ ಜೂನ್‌ನಲ್ಲಿ ಕೇಂದ್ರದ ಜಲಶಕ್ತಿ ಮತ್ತು ರೈಲ್ವೆ ಖಾತೆಗಳ ರಾಜ್ಯ ಸಚಿವರಾಗಿ ಅಧಿಕಾರ ವಹಿಸಿಕೊಂಡರು. ವಾರ್ಡು, ವಿಧಾನಮಂಡಲದ ಎರಡೂ ಮನೆ, ಸಂಸತ್ತು, ಹೀಗೆ ಎಲ್ಲ ಸ್ತರಗಳಲ್ಲೂ ಚುನಾಯಿತರಾಗಿ ಕೆಲಸ ಮಾಡಿದವರು ಕರ್ನಾಟಕದಲ್ಲಿ ಹೆಚ್ಚಿಲ್ಲ. ಐದು ಸಲ ಶಾಸಕರಾಗಿ, ಎರಡು ಸಲ ಪರಿಷತ್ ಸದಸ್ಯರಾಗಿ ಗೆದ್ದಿರುವ ಅವರು ಜನತಾದಳ, ಕಾಂಗ್ರೆಸ್, ಬಿಜೆಪಿ ಈ ಮೂರೂ ಪಕ್ಷಗಳ ಚಿಹ್ನೆಯ ಮೇಲೆ ವಿಧಾನಸಭೆ ಪ್ರವೇಶಿಸಿದ್ದಾರೆ. ಒಮ್ಮೆ ಯಾವ ಪಕ್ಷದ ಹಂಗೂ ಇಲ್ಲದೆ ಪಕ್ಷೇತರರಾಗಿಯೂ ಗೆದ್ದಿದ್ದಾರೆ.

ಈ ಲೇಖನದಲ್ಲಿ ‘ಪಾಲಿಕೆ’ ಎಂದರೆ ಆಯಾ ಕಾಲದ ಬೆಂಗಳೂರು ನಗರಾಡಳಿತ ಸಂಸ್ಥೆ ಎಂದೂ, ‘ಕೇಂದ್ರ ರಾಜ್ಯ ಸಚಿವ’ ಎಂದರೆ ಸಂಪುಟ ದರ್ಜೆಯ ಸಚಿವರ ಅಡಿಯಲ್ಲಿ ಕೆಲಸ ಮಾಡುವ ಕೇಂದ್ರದ ಸಚಿವರು ಎಂದೂ ತಿಳಿಯಬೇಕು.

ಹಿನ್ನೆಲೆ ಮತ್ತು ಕಾರ್ಯಕ್ಷೇತ್ರ

ಸೋಮಣ್ಣನವರ ಹುಟ್ಟೂರು ಕನಕಪುರ ಸೀಮೆಯ ಮರಳವಾಡಿ. ಹಳ್ಳಿಯಿಂದ ಬೆಂಗಳೂರಿಗೆ ಬಂದು ನೆಲೆಯೂರಿದ ತಲೆಮಾರಿಗೆ ಸೇರಿದವರು. ಮಾಗಡಿ, ಕನಕಪುರ, ತುಮಕೂರು, ಮಂಡ್ಯ ಕಡೆಗಳಿಂದ ದುಡಿಮೆ ಹುಡುಕಿಕೊಂಡು ಬಂದ ಕುಟುಂಬಗಳು ನಗರದ ಪಶ್ಚಿಮ ಅಂಚಿನಲ್ಲಿ ತುಂಬಿಕೊಳ್ಳುತ್ತಿದ್ದ ಕಾಲದಲ್ಲೇ ಅವರ ರಾಜಕೀಯ ಆರಂಭವಾಯಿತು. ಲಿಂಗಾಯತ ಸಮುದಾಯದ ಮುಖಂಡರೆಂದು ಅವರನ್ನು ಪಕ್ಷಗಳು ಗುರುತಿಸಿದ್ದುಂಟು. ಆದರೆ ಅವರನ್ನು ಬೆಳೆಸಿದ್ದು ಜಾತಿಗಿಂತ ಹೆಚ್ಚಾಗಿ ಬಡಾವಣೆಯ ರಾಜಕಾರಣ.

ಆ ಬಡಾವಣೆಗಳ ಸ್ವರೂಪ ತಿಳಿಯದೆ ಈ ವೃತ್ತಿಜೀವನ ಅರ್ಥವಾಗುವುದಿಲ್ಲ. ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವೆ ಹರಡಿಕೊಂಡ ಈ ಪ್ರದೇಶದ ಪೂರ್ವ ತುದಿಯಲ್ಲಿ ಬಿನ್ನಿ ಗಿರಣಿ, ಮಿನರ್ವ ಗಿರಣಿ ಇದ್ದವು. ಗಿರಣಿ ಕಾರ್ಮಿಕರ ವಠಾರಗಳು ಮೊದಲು ಬಂದವು. ಆಮೇಲೆ ಪಶ್ಚಿಮಕ್ಕೆ ವಿಜಯನಗರ, ಗೋವಿಂದರಾಜನಗರ, ಅತ್ತಿಗುಪ್ಪೆ, ಚಂದ್ರಾ ಬಡಾವಣೆ, ನಾಗರಭಾವಿ ಒಂದರ ಹಿಂದೊಂದು ತಲೆಯೆತ್ತಿದವು. ಯೋಜಿತ ಬಡಾವಣೆಯ ಅಗಲ ರಸ್ತೆಯ ಪಕ್ಕದಲ್ಲೇ ಮೂಡಲಪಾಳ್ಯ, ಮಾರೇನಹಳ್ಳಿ, ಅಗ್ರಹಾರ ದಾಸರಹಳ್ಳಿಯಂಥ ಹಳೆಯ ಊರುಗಳ ಕಿರಿದಾದ ಗಲ್ಲಿ, ಅದರ ಬೆನ್ನಿಗೆ ಕಂದಾಯ ನಿವೇಶನಗಳ ಸಾಲು, ನಡುನಡುವೆ ಕೊಳೆಗೇರಿ. ಇಲ್ಲಿನ ಮತದಾರ ಶಾಸಕರ ಮನೆಯ ಮುಂದೆ ನಿಂತು ಕೇಳುತ್ತಿದ್ದುದು ಕಾವೇರಿ ನೀರಿನ ಸಂಪರ್ಕ, ಒಳಚರಂಡಿ, ಖಾತೆ, ಹಕ್ಕುಪತ್ರ, ರೇಷನ್ ಕಾರ್ಡ್. ಸಿದ್ಧಾಂತದ ಮಾತು ಇಲ್ಲಿ ಚುನಾವಣೆಯ ವಿಷಯವಾದದ್ದು ಕಡಿಮೆ.

ಪಾಲಿಕೆ ಸದಸ್ಯ

ಬೆಂಗಳೂರಿನಲ್ಲಿ 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳು ಆರಂಭವಾಗಿದ್ದವು. 1949ರಲ್ಲಿ ಎರಡೂ ಸೇರಿ ಬೆಂಗಳೂರು ನಗರ ಪಾಲಿಕೆ ಆಯಿತು. ಸೋಮಣ್ಣ ಅದಕ್ಕೆ ಆಯ್ಕೆಯಾದ 1983ರ ವೇಳೆಗೆ ಪಾಲಿಕೆ 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯಡಿ ನಡೆಯುತ್ತಿತ್ತು. ಆ ವರ್ಷದ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ನೇತೃತ್ವದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಾಜ್ಯದಲ್ಲಿ ಅಧಿಕಾರಕ್ಕೆ ಬಂದಿತ್ತು. ಸೋಮಣ್ಣ ಜನತಾ ಪರಿವಾರದ ಈ ಏಳಿಗೆಯ ಹೊತ್ತಿನಲ್ಲಿ ಬಂದವರು. ನಗರಾಡಳಿತಕ್ಕೆ ಸಂವಿಧಾನದ ಮಾನ್ಯತೆ ಕೊಟ್ಟ 74ನೇ ತಿದ್ದುಪಡಿಗೆ ಇನ್ನೂ ಒಂಬತ್ತು ವರ್ಷ ಬಾಕಿಯಿತ್ತು.

ಕಾರ್ಪೊರೇಟರ್‌ಗೆ ಕಾಯ್ದೆಯಲ್ಲಿ ಇರುವ ಸ್ವತಂತ್ರ ಅಧಿಕಾರ ಅಲ್ಪ. ಕಾಮಗಾರಿಗೆ ಮಂಜೂರಾತಿ ಕೊಡುವುದು ಆಯುಕ್ತರು ಮತ್ತು ಸ್ಥಾಯಿ ಸಮಿತಿಗಳು. ನೀರು ಮತ್ತು ಒಳಚರಂಡಿ ಜಲಮಂಡಳಿಯದು. ಹೊಸ ಬಡಾವಣೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು (ಬಿಡಿಎ). ವಿದ್ಯುತ್ತಿಗೆ ಬೇರೆಯೇ ಸಂಸ್ಥೆ. ಬೀದಿದೀಪ, ಕಸ, ರಸ್ತೆ, ಮೋರಿ, ಉದ್ಯಾನ ಇಷ್ಟು ಪಾಲಿಕೆಯ ಪಾಲಿಗೆ ಬರುತ್ತವೆ. ಆದರೆ ಮ್ಯಾನ್‌ಹೋಲ್ ಉಕ್ಕಿ ಮನೆಯೊಳಗೆ ನೀರು ನುಗ್ಗಿದಾಗ ಜನ ಯಾವ ಇಲಾಖೆ ಎಂದು ವಿಚಾರಿಸಿಕೊಂಡು ಹೋಗುವುದಿಲ್ಲ, ಕಾರ್ಪೊರೇಟರ್ ಮನೆ ಬಾಗಿಲು ತಟ್ಟುತ್ತಾರೆ. ಎಂಜಿನಿಯರ್‌ಗೆ ಫೋನ್ ಮಾಡಿ, ಗುತ್ತಿಗೆದಾರನನ್ನು ಸ್ಥಳಕ್ಕೆ ಕರೆಸಿ, ಜಲಮಂಡಳಿಯ ಕಚೇರಿಗೆ ತಾವೇ ಹೋಗಿ ಕುಳಿತು ಕೆಲಸ ಮಾಡಿಸಿಕೊಂಡವರು ಮುಂದಿನ ಚುನಾವಣೆಗೆ ಉಳಿದುಕೊಳ್ಳುತ್ತಾರೆ. ಅಧಿಕಾರಿಗಳನ್ನು ಸ್ಥಳದಲ್ಲೇ ನಿಲ್ಲಿಸಿಕೊಂಡು ಪ್ರಶ್ನಿಸುವ, ಗಟ್ಟಿ ದನಿಯ ಸೋಮಣ್ಣನವರ ಶೈಲಿಯ ಬೇರು ಇಲ್ಲಿದೆ. ಸಚಿವರಾದ ಮೇಲೂ ಅದು ಬದಲಾಗಲಿಲ್ಲ.

ಬಿನ್ನಿಪೇಟೆಯ ಶಾಸಕ

1994ರ ವಿಧಾನಸಭಾ ಚುನಾವಣೆಯಲ್ಲಿ ಜನತಾದಳ ಬಹುಮತ ಪಡೆದು ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು. ಸೋಮಣ್ಣ ಅದೇ ಪಕ್ಷದಿಂದ ಬಿನ್ನಿಪೇಟೆ ಕ್ಷೇತ್ರದಲ್ಲಿ ಗೆದ್ದು ಮೊದಲ ಬಾರಿ ವಿಧಾನಸಭೆಗೆ ಬಂದರು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದಾಗ ಜೆ.ಎಚ್. ಪಟೇಲ್ ಮುಖ್ಯಮಂತ್ರಿಯಾದರು. ಜನತಾದಳ ಸರ್ಕಾರದ ಈ ಅವಧಿಯಲ್ಲಿ ಸೋಮಣ್ಣ ಸಚಿವರಾಗಿ ಬಂದೀಖಾನೆ ಹಾಗೂ ಬೆಂಗಳೂರು ನಗರಾಭಿವೃದ್ಧಿ ಖಾತೆಗಳನ್ನು ನೋಡಿಕೊಂಡರು.

1999ರಲ್ಲಿ ಜನತಾದಳ ಒಡೆದು ಸಂಯುಕ್ತ ಜನತಾದಳ, ಜಾತ್ಯತೀತ ಜನತಾದಳ ಎಂದು ಎರಡಾಯಿತು. ಆ ಚುನಾವಣೆಯಲ್ಲಿ ಕಾಂಗ್ರೆಸ್ ಅಲೆಯೆದ್ದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು, ದಳದ ಎರಡೂ ಹೋಳುಗಳು ನೆಲಕಚ್ಚಿದವು. ಸೋಮಣ್ಣ ಎರಡು ಕಡೆಗೂ ಸೇರದೆ ಬಿನ್ನಿಪೇಟೆಯಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. 2004ರಲ್ಲಿ ಅದೇ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ಒಂದೇ ಕ್ಷೇತ್ರ, ಸತತ ಮೂರು ಗೆಲುವು, ಮೂರು ಬೇರೆ ಬೇರೆ ಚಿಹ್ನೆ. ಮತ ಬಿದ್ದದ್ದು ಚಿಹ್ನೆಗಿಂತ ಹೆಚ್ಚಾಗಿ ವ್ಯಕ್ತಿಗೆ ಎಂಬುದಕ್ಕೆ ಅವರ ದಾಖಲೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯ ಇಲ್ಲ.

ಕ್ಷೇತ್ರ ಮರುವಿಂಗಡಣೆ

2008ರಲ್ಲಿ ಜಾರಿಗೆ ಬಂದ ಮರುವಿಂಗಡಣೆಯಲ್ಲಿ ಬಿನ್ನಿಪೇಟೆ ಎಂಬ ಕ್ಷೇತ್ರ ನಕ್ಷೆಯಿಂದಲೇ ಮಾಯವಾಯಿತು. ಪಶ್ಚಿಮ ಬೆಂಗಳೂರಿನಲ್ಲಿ 166ನೇ ಕ್ಷೇತ್ರವಾಗಿ ಗೋವಿಂದರಾಜನಗರ, 167ನೇ ಕ್ಷೇತ್ರವಾಗಿ ವಿಜಯನಗರ ಹೊಸದಾಗಿ ಹುಟ್ಟಿದವು. ಎರಡೂ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಪಾಲಿಕೆಯಲ್ಲಿ 198 ವಾರ್ಡುಗಳಿದ್ದ ಕಾಲದ ಗಡಿಗಳ ಪ್ರಕಾರ ಕಾವೇರಿಪುರ, ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಮಾರುತಿ ಮಂದಿರ, ಮೂಡಲಪಾಳ್ಯ, ನಾಗರಭಾವಿ, ನಾಯಂಡಹಳ್ಳಿ ಗೋವಿಂದರಾಜನಗರದ ಪಾಲಿಗೆ ಬಂದವು. ಹೊಸಹಳ್ಳಿ, ಅತ್ತಿಗುಪ್ಪೆ, ಹಂಪಿನಗರ, ಬಾಪೂಜಿನಗರ, ದೀಪಾಂಜಲಿನಗರ ವಿಜಯನಗರಕ್ಕೆ ಹೋದವು. ಹೊರಗಿನವರಿಗೆ ಒಂದು ವಿಚಿತ್ರ ಎನಿಸಬಹುದು: ವಿಜಯನಗರದ ಗುರುತಾಗಿರುವ ಮಾರುತಿ ಮಂದಿರದ ವಾರ್ಡು ವಿಜಯನಗರ ಕ್ಷೇತ್ರದಲ್ಲಿಲ್ಲ.

ಈ ಜೋಡಿ ಕ್ಷೇತ್ರಗಳ ಇತಿಹಾಸ ಎರಡು ರಾಜಕೀಯ ಮನೆಗಳ ಪೈಪೋಟಿಯ ಇತಿಹಾಸವೂ ಹೌದು. ವಿಜಯನಗರದಲ್ಲಿ ಕಾಂಗ್ರೆಸ್ಸಿನ ಎಂ. ಕೃಷ್ಣಪ್ಪ 2008, 2013, 2018, 2023ರಲ್ಲಿ ಸತತ ಗೆದ್ದರು. ಗೋವಿಂದರಾಜನಗರದಲ್ಲಿ ಅವರ ಮಗ ಪ್ರಿಯಕೃಷ್ಣ 2009, 2013, 2023ರಲ್ಲಿ ಗೆದ್ದರು. ಸೋಮಣ್ಣ ಒಂದಲ್ಲ ಒಂದು ಸಲ ತಂದೆ ಮಗ ಇಬ್ಬರ ಎದುರೂ ನಿಂತಿದ್ದಾರೆ.

ಗೋವಿಂದರಾಜನಗರ ಮತ್ತು 2009ರ ಉಪಚುನಾವಣೆ

2008ರ ಮೇನಲ್ಲಿ ಸೋಮಣ್ಣ ಗೋವಿಂದರಾಜನಗರದ ಮೊದಲ ಶಾಸಕರಾಗಿ ಕಾಂಗ್ರೆಸ್ಸಿನಿಂದ ಆಯ್ಕೆಯಾದರು. 224 ಸ್ಥಾನಗಳಲ್ಲಿ 110 ಗೆದ್ದಿದ್ದ ಬಿಜೆಪಿ ಪಕ್ಷೇತರರ ಬೆಂಬಲದಿಂದ ಬಿ.ಎಸ್. ಯಡಿಯೂರಪ್ಪ ನೇತೃತ್ವದ ಸರ್ಕಾರ ರಚಿಸಿತ್ತು. ಸಂಖ್ಯೆಯನ್ನು ಗಟ್ಟಿ ಮಾಡಿಕೊಳ್ಳಲು ಅದು ಅನುಸರಿಸಿದ ದಾರಿಗೆ ‘ಆಪರೇಷನ್ ಕಮಲ’ ಎಂಬ ಹೆಸರು ಬಿತ್ತು. ಬೇರೆ ಪಕ್ಷದ ಶಾಸಕರು ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಉಪಚುನಾವಣೆಯಲ್ಲಿ ಗೆದ್ದು ಮರಳುವುದು ಇದರ ಕ್ರಮ. ರಾಜೀನಾಮೆ ಕೊಟ್ಟವರಿಗೆ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ತಗಲುವುದಿಲ್ಲ ಎಂಬ ಲೆಕ್ಕಾಚಾರ ಇದರ ಹಿಂದಿತ್ತು.

ಸೋಮಣ್ಣ 2009ರಲ್ಲಿ ಈ ದಾರಿ ಹಿಡಿದರು. ಶಾಸಕ ಸ್ಥಾನ ಬಿಟ್ಟು ಬಿಜೆಪಿ ಸೇರಿ, ಮುಜರಾಯಿ ಸಚಿವರಾದರು. ಸದನದ ಸದಸ್ಯರಲ್ಲದವರು ಆರು ತಿಂಗಳವರೆಗೆ ಮಾತ್ರ ಸಚಿವರಾಗಿರಬಹುದು ಎನ್ನುತ್ತದೆ ಸಂವಿಧಾನದ 164ನೇ ವಿಧಿ. 2009ರ ಆಗಸ್ಟ್‌ನಲ್ಲಿ ಗೋವಿಂದರಾಜನಗರ, ರಾಮನಗರ, ಚನ್ನಪಟ್ಟಣ, ಕೊಳ್ಳೇಗಾಲ, ಚಿತ್ತಾಪುರ ಈ ಐದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಬಿಜೆಪಿ ಕೊಳ್ಳೇಗಾಲ, ಚಿತ್ತಾಪುರಗಳನ್ನು ಗೆದ್ದಿತು. ರಾಮನಗರ, ಚನ್ನಪಟ್ಟಣ ಜೆಡಿಎಸ್‌ಗೆ ಹೋದವು. ಗೋವಿಂದರಾಜನಗರದಲ್ಲಿ ಸಚಿವರನ್ನೇ ಸೋಲಿಸಿ ಯುವಕ ಪ್ರಿಯಕೃಷ್ಣ ಶಾಸಕರಾದರು. ಸೋಮಣ್ಣ ಸಚಿವ ಸ್ಥಾನ ಬಿಡಬೇಕಾಯಿತು. ಬಿನ್ನಿಪೇಟೆಯಲ್ಲಿ ಚಿಹ್ನೆ ಬದಲಾದರೂ ಕೈಬಿಡದ ಮತದಾರ ಇಲ್ಲಿ ಅವಧಿಯ ನಡುವೆ ಆದ ಬದಲಾವಣೆಯನ್ನು ಒಪ್ಪಲಿಲ್ಲ. ಸಾರ್ವತ್ರಿಕ ಚುನಾವಣೆಗೆ ಮುಂಚೆ ಪಕ್ಷ ಬದಲಿಸುವುದೂ ಗೆದ್ದ ವರ್ಷದೊಳಗೆ ಬದಲಿಸುವುದೂ ಮತದಾರನ ಕಣ್ಣಿಗೆ ಒಂದೇ ಅಲ್ಲ.

ವಿಧಾನ ಪರಿಷತ್ತಿನ ವರ್ಷಗಳು

2010ರಲ್ಲಿ ವಿಧಾನಸಭಾ ಸದಸ್ಯರಿಂದ ಪರಿಷತ್ತಿಗೆ ಆಯ್ಕೆಯಾದ ಸೋಮಣ್ಣ ಅದೇ ವರ್ಷ ಮತ್ತೆ ಸಂಪುಟ ಸೇರಿದರು. ಡಿ.ವಿ. ಸದಾನಂದ ಗೌಡ ಮತ್ತು ಜಗದೀಶ ಶೆಟ್ಟರ್ ಸರ್ಕಾರಗಳಲ್ಲಿ ವಸತಿ ಸಚಿವರಾಗಿದ್ದರು. 2013ರಲ್ಲಿ ಗೋವಿಂದರಾಜನಗರ ಬಿಟ್ಟು ಪಕ್ಕದ ವಿಜಯನಗರದಿಂದ ಸ್ಪರ್ಧಿಸಿ ಎಂ. ಕೃಷ್ಣಪ್ಪ ಅವರೆದುರು ಸೋತರು. ಪರಿಷತ್ ಸ್ಥಾನ ಕೈಯಲ್ಲಿದ್ದ ಕಾರಣ ಸದನದಿಂದ ಹೊರಗೆ ಉಳಿಯುವ ಪ್ರಮೇಯ ಬರಲಿಲ್ಲ. 2016ರಲ್ಲಿ ಪರಿಷತ್ತಿಗೆ ಮರು ಆಯ್ಕೆಯಾದರು. 2018ರಲ್ಲಿ ಗೋವಿಂದರಾಜನಗರಕ್ಕೆ ಮರಳಿ, ಪ್ರಿಯಕೃಷ್ಣ ಅವರನ್ನು ಹನ್ನೊಂದು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ, ಒಂಬತ್ತು ವರ್ಷ ಹಿಂದಿನ ಸೋಲಿನ ಲೆಕ್ಕ ತೀರಿಸಿಕೊಂಡರು.

ವಸತಿ ಖಾತೆ

ಸೋಮಣ್ಣನವರ ಹೆಸರು ಅತಿ ಹೆಚ್ಚು ಕಾಲ ಅಂಟಿಕೊಂಡಿರುವುದು ವಸತಿ ಖಾತೆಗೆ. 2013ಕ್ಕೆ ಮೊದಲೊಮ್ಮೆ, 2019ರ ಆಗಸ್ಟ್ 20ರಂದು ಯಡಿಯೂರಪ್ಪ ಸಂಪುಟ ಸೇರಿದ ಬಳಿಕ ಇನ್ನೊಮ್ಮೆ, 2021ರ ಆಗಸ್ಟ್‌ನಿಂದ ಬಸವರಾಜ ಬೊಮ್ಮಾಯಿ ಸಂಪುಟದಲ್ಲಿ ಮತ್ತೊಮ್ಮೆ ಅವರು ಈ ಖಾತೆಯನ್ನು ನಿರ್ವಹಿಸಿದರು. ನಡುವೆ 2016ರಿಂದ 2018ರವರೆಗೆ ಸಿದ್ದರಾಮಯ್ಯ ಸರ್ಕಾರದಲ್ಲಿ ಇದೇ ಖಾತೆ ಅವರ ಎದುರಾಳಿ ಎಂ. ಕೃಷ್ಣಪ್ಪ ಅವರ ಬಳಿಯಿತ್ತು. ಅಕ್ಕಪಕ್ಕದ ಎರಡು ಕ್ಷೇತ್ರಗಳ ಇಬ್ಬರು ನಾಯಕರೂ ರಾಜ್ಯದ ವಸತಿ ಸಚಿವರಾದದ್ದು ಕಾಕತಾಳೀಯ ಇರಬಹುದು. ಆದರೂ ಬಾಡಿಗೆ ಮನೆ, ಕಂದಾಯ ನಿವೇಶನ, ಕೊಳೆಗೇರಿಗಳೇ ದಿನನಿತ್ಯದ ವ್ಯವಹಾರವಾದ ಪ್ರದೇಶದಿಂದ ಬಂದವರಿಗೆ ಈ ಖಾತೆ ಹೊಸ ಪಾಠವಾಗಿರಲಿಲ್ಲ.

ಇಲಾಖೆಯ ಕೆಲಸ ಮುಖ್ಯವಾಗಿ ಮೂರು ಸಂಸ್ಥೆಗಳ ಮೂಲಕ ನಡೆಯುತ್ತದೆ. ಬಡವರ ಮನೆಗಳಿಗೆ ಸಹಾಯಧನ ಹಂಚುವುದು ರಾಜೀವ್ ಗಾಂಧಿ ವಸತಿ ನಿಗಮ. ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಕೇಂದ್ರದ ಪ್ರಧಾನಮಂತ್ರಿ ಆವಾಸ್ ಎಲ್ಲವೂ ಅದರ ಕೈಯಲ್ಲಿವೆ. ಮಧ್ಯಮ ವರ್ಗಕ್ಕೆ ನಿವೇಶನ, ಮನೆ ಮಾರುವುದು ಕರ್ನಾಟಕ ಗೃಹ ಮಂಡಳಿ. ಕೊಳೆಗೇರಿಗಳ ಹೊಣೆ ಕೊಳಚೆ ಪ್ರದೇಶ ಅಭಿವೃದ್ಧಿ ಮಂಡಳಿಯದು.

ಸಹಾಯಧನದ ಮನೆಯ ಹಣ ಒಂದೇ ಸಲ ಬರುವುದಿಲ್ಲ. ಫಲಾನುಭವಿಯನ್ನು ಗ್ರಾಮಸಭೆಯಲ್ಲಿ ಆರಿಸಿದ ಮೇಲೆ ತಳಪಾಯ, ಗೋಡೆ, ಚಾವಣಿ ಎಂದು ಹಂತಹಂತಕ್ಕೆ ಬಿಡುಗಡೆಯಾಗುತ್ತದೆ. ಪ್ರತಿ ಹಂತದಲ್ಲೂ ಜಿಪಿಎಸ್ ಗುರುತಿರುವ ಚಿತ್ರವನ್ನು ನಿಗಮದ ತಂತ್ರಾಂಶಕ್ಕೆ ಏರಿಸಬೇಕು. ಚಿತ್ರ ಏರದಿದ್ದರೆ ಕಂತು ಬಾರದು, ಕಂತು ಬಾರದಿದ್ದರೆ ಗೋಡೆ ಮೇಲೇಳದು. ಅರ್ಧಕ್ಕೆ ನಿಂತ ಮನೆಗಳ ಸಮಸ್ಯೆ ರಾಜ್ಯದ ಎಲ್ಲ ವಸತಿ ಸಚಿವರಿಗೂ ಎದುರಾಗಿದೆ. ಯಾರ ಅವಧಿಯಲ್ಲೂ ಅದು ಪೂರ್ತಿ ಬಗೆಹರಿದಿಲ್ಲ. ಬೆಂಗಳೂರಿನ ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆಯನ್ನು ಕಾಂಗ್ರೆಸ್ ಸರ್ಕಾರ ರೂಪಿಸಿತ್ತು. ಜಾಗ ಗುರುತಿಸುವ, ಕಟ್ಟುವ ಕೆಲಸವನ್ನು ಮುಂದಿನ ಸರ್ಕಾರಗಳೂ ನಡೆಸಿಕೊಂಡು ಬರಬೇಕಾಯಿತು. ಕೊಳೆಗೇರಿ ನಿವಾಸಿಗಳಿಗೆ ಹಕ್ಕುಪತ್ರ ಹಂಚುವ ಸಮಾರಂಭಗಳು ಸೋಮಣ್ಣನವರ ಕೊನೆಯ ಅವಧಿಯಲ್ಲಿ ಹೆಚ್ಚಾಗಿ ನಡೆದವು.

ಜಿಲ್ಲಾ ಉಸ್ತುವಾರಿ

2019ರಲ್ಲಿ ಸೋಮಣ್ಣ ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಾದರು. ಆ ವರ್ಷದ ದಸರಾ ಅವರ ಹೊಣೆಯಲ್ಲಿ ನಡೆಯಿತು. ಚಾಮುಂಡಿ ಬೆಟ್ಟದಲ್ಲಿ ಉದ್ಘಾಟಿಸಿದವರು ಸಾಹಿತಿ ಎಸ್.ಎಲ್. ಭೈರಪ್ಪ. ಬೊಮ್ಮಾಯಿ ಸರ್ಕಾರದಲ್ಲಿ ಚಾಮರಾಜನಗರದ ಉಸ್ತುವಾರಿ ಅವರಿಗೆ ಬಂತು. ಬೆಂಗಳೂರಿನ ಮೂರು ನಾಲ್ಕು ಮೈಲಿಯ ಸುತ್ತಳತೆಯಲ್ಲೇ ರಾಜಕಾರಣ ನಡೆಸಿದ್ದವರಿಗೆ ಹಳೆ ಮೈಸೂರಿನ ದಕ್ಷಿಣ ಜಿಲ್ಲೆಗಳ ನಂಟು ಬೆಳೆದದ್ದು ಈ ವರ್ಷಗಳಲ್ಲಿ. ಅದರ ಪರಿಣಾಮ 2023ರಲ್ಲಿ ಕಾಣಿಸಿತು.

2023: ವರುಣ ಮತ್ತು ಚಾಮರಾಜನಗರ

2023ರ ಏಪ್ರಿಲ್‌ನಲ್ಲಿ ಪ್ರಕಟವಾದ ಬಿಜೆಪಿಯ ಮೊದಲ ಪಟ್ಟಿ ಇಬ್ಬರು ಬೆಂಗಳೂರು ಸಚಿವರಿಗೆ ಅಚ್ಚರಿ ತಂದಿತು. ಆರ್. ಅಶೋಕ ಅವರಿಗೆ ಪದ್ಮನಾಭನಗರದ ಜತೆ ಕನಕಪುರ ಸಿಕ್ಕಿತು. ಸೋಮಣ್ಣನವರಿಗೆ ಗೋವಿಂದರಾಜನಗರ ತಪ್ಪಿ, ವರುಣ ಮತ್ತು ಚಾಮರಾಜನಗರ ಎರಡೂ ಬಂದವು. ಇಬ್ಬರ ಸ್ಥಿತಿಯಲ್ಲಿ ದೊಡ್ಡ ವ್ಯತ್ಯಾಸವಿತ್ತು: ಅಶೋಕ ಅವರ ಕೈಯಲ್ಲಿ ಸ್ವಂತ ಕ್ಷೇತ್ರ ಉಳಿದಿತ್ತು, ಸೋಮಣ್ಣನವರ ಕೈಯಲ್ಲಿ ಉಳಿದಿರಲಿಲ್ಲ.

ಮೇ 13ರ ಫಲಿತಾಂಶದಲ್ಲಿ ವರುಣದಲ್ಲಿ ಸಿದ್ದರಾಮಯ್ಯ ಅವರ ಎದುರು 46,163 ಮತಗಳಿಂದ, ಚಾಮರಾಜನಗರದಲ್ಲಿ ಸಿ. ಪುಟ್ಟರಂಗಶೆಟ್ಟಿ ಅವರ ಎದುರು 7,533 ಮತಗಳಿಂದ ಸೋತರು. ಅತ್ತ ಗೋವಿಂದರಾಜನಗರವನ್ನು ಪ್ರಿಯಕೃಷ್ಣ ಮರಳಿ ಪಡೆದರು. ಪಕ್ಷಕ್ಕೆ ಈ ಪ್ರಯೋಗದಿಂದ ಮೂರು ಕಡೆಯೂ ನಷ್ಟವಾಯಿತು. ಚುನಾವಣೆ ಮುಗಿದ ಮೇಲೆ ಸೋಮಣ್ಣ ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಅವರು ಪಕ್ಷ ಬಿಡುತ್ತಾರೆ ಎಂಬ ಸುದ್ದಿ ತಿಂಗಳುಗಟ್ಟಲೆ ಓಡಾಡಿತು, ಆದರೆ ಬಿಡಲಿಲ್ಲ.

ತುಮಕೂರಿನಿಂದ ಲೋಕಸಭೆಗೆ

ತುಮಕೂರು ಲೋಕಸಭಾ ಕ್ಷೇತ್ರದಲ್ಲಿ ತುಮಕೂರು ನಗರ, ತುಮಕೂರು ಗ್ರಾಮಾಂತರ, ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕೊರಟಗೆರೆ, ಮಧುಗಿರಿ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳಿವೆ. 2019ರಲ್ಲಿ ಮಾಜಿ ಪ್ರಧಾನಿ ದೇವೇಗೌಡರು ಇಲ್ಲಿ ಬಿಜೆಪಿಯ ಜಿ.ಎಸ್. ಬಸವರಾಜು ಅವರೆದುರು 13,339 ಮತಗಳಿಂದ ಸೋತಿದ್ದರು. 2024ರ ವೇಳೆಗೆ ಜೆಡಿಎಸ್ ಬಿಜೆಪಿಯ ಮಿತ್ರಪಕ್ಷವಾಗಿತ್ತು. ಲಿಂಗಾಯತ ಮತ್ತು ಒಕ್ಕಲಿಗ ಮತಗಳು ಒಂದೇ ತಕ್ಕಡಿಗೆ ಬೀಳುವ ಸಾಧ್ಯತೆ ಈ ಕ್ಷೇತ್ರದಲ್ಲಿ ಸ್ಪಷ್ಟವಾಗಿತ್ತು.

ಬೆಂಗಳೂರಿನವರು, ಹೊರಗಿನವರು ಎಂಬುದೇ ಸೋಮಣ್ಣನವರ ವಿರುದ್ಧ ಕಾಂಗ್ರೆಸ್ಸಿನ ಮುಖ್ಯ ಮಾತಾಗಿತ್ತು. ಎದುರಾಳಿ ಎಸ್.ಪಿ. ಮುದ್ದಹನುಮೇಗೌಡ 2014ರಿಂದ 2019ರವರೆಗೆ ಇದೇ ಕ್ಷೇತ್ರದ ಸಂಸದರಾಗಿದ್ದವರು. ಏಪ್ರಿಲ್ 26ರಂದು ಮತದಾನ ನಡೆಯಿತು. ಸೋಮಣ್ಣ 7,20,946 ಮತ ಪಡೆದು 1,75,594 ಮತಗಳ ಅಂತರದಿಂದ ಗೆದ್ದರು. ವರ್ಷದ ಹಿಂದೆ ಎರಡು ಕ್ಷೇತ್ರಗಳಲ್ಲಿ ಸೋತಿದ್ದವರ ಪಾಲಿಗೆ ಇದು ಜೀವಮಾನದ ದೊಡ್ಡ ಗೆಲುವು. ಆದರೆ ಇದನ್ನು ಬಿನ್ನಿಪೇಟೆಯ ಗೆಲುವುಗಳ ಸಾಲಿಗೆ ಸೇರಿಸಲಾಗದು. ಅಲ್ಲಿ ವ್ಯಕ್ತಿಯ ಬಲ ಗೆದ್ದಿತ್ತು, ಇಲ್ಲಿ ಮೈತ್ರಿಯ ಲೆಕ್ಕ ಕೆಲಸ ಮಾಡಿತು.

ಕೇಂದ್ರ ಸಚಿವ ಸ್ಥಾನ

2024ರ ಜೂನ್ 9ರಂದು ನರೇಂದ್ರ ಮೋದಿ ಅವರ ಮೂರನೇ ಸರ್ಕಾರದಲ್ಲಿ ಸೋಮಣ್ಣ ಪ್ರಮಾಣವಚನ ಸ್ವೀಕರಿಸಿದರು. ಜಲಶಕ್ತಿಯಲ್ಲಿ ಸಿ.ಆರ್. ಪಾಟೀಲ್, ರೈಲ್ವೆಯಲ್ಲಿ ಅಶ್ವಿನಿ ವೈಷ್ಣವ್ ಸಂಪುಟ ದರ್ಜೆಯ ಸಚಿವರು. ನೀರಾವರಿ ಮತ್ತು ಕುಡಿಯುವ ನೀರಿನ ಖಾತೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ರಚಿಸಿದ ಜಲಶಕ್ತಿ ಸಚಿವಾಲಯ ಮನೆಮನೆಗೆ ನಲ್ಲಿ ನೀರು ಒದಗಿಸುವ ಜಲಜೀವನ ಮಿಷನ್ ನಡೆಸುತ್ತದೆ. ತುಮಕೂರಿನ ಮಟ್ಟಿಗೆ ಹೇಮಾವತಿ ನಾಲೆ, ಭದ್ರಾ ಮೇಲ್ದಂಡೆ ಎರಡೂ ಈ ಸಚಿವಾಲಯದ ಬಾಗಿಲಿಗೆ ಮುಟ್ಟುವ ವಿಷಯಗಳು. 2023-24ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಆ ಹಣ ಬರಲಿಲ್ಲ ಎಂಬುದು ರಾಜ್ಯದ ಕಾಂಗ್ರೆಸ್ ಸರ್ಕಾರದ ನಿರಂತರ ದೂರು.

ರೈಲ್ವೆ ಖಾತೆಯ ಮಾತು ಬೇರೆ. ಕರ್ನಾಟಕಕ್ಕೂ ಆ ಖಾತೆಗೂ ಹಳೆಯ ಸಂಬಂಧವಿದೆ. ಸಿ.ಎಂ. ಪೂಣಚ್ಚ, ಕೆಂಗಲ್ ಹನುಮಂತಯ್ಯ, ಟಿ.ಎ. ಪೈ, ಸಿ.ಕೆ. ಜಾಫರ್ ಷರೀಫ್, ಮಲ್ಲಿಕಾರ್ಜುನ ಖರ್ಗೆ, ಸದಾನಂದ ಗೌಡ ರೈಲ್ವೆ ಸಚಿವರಾಗಿದ್ದರು. ಕೆ.ಎಚ್. ಮುನಿಯಪ್ಪ, ಸುರೇಶ ಅಂಗಡಿ ಈ ಖಾತೆಯ ಕೇಂದ್ರ ರಾಜ್ಯ ಸಚಿವರಾಗಿದ್ದರು. ಬಿಹಾರದಿಂದ ಆಯ್ಕೆಯಾಗಿ ಸಚಿವರಾದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನೂ ಸೇರಿಸಿಕೊಳ್ಳಬಹುದು. ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡಿದ ಷರೀಫ್ ಅವರ ಕಾಲವನ್ನು ರಾಜ್ಯದ ಜನ ಇಂದಿಗೂ ನೆನೆಯುತ್ತಾರೆ. ಹೊಸದಾಗಿ ಬಂದವರನ್ನು ಅದೇ ಅಳತೆಗೋಲಿಂದ ಅಳೆಯುತ್ತಾರೆ.

ಸೋಮಣ್ಣನವರ ವಿಷಯದಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಕರ್ನಾಟಕದ ಹಲವು ಹೊಸ ರೈಲು ಮಾರ್ಗಗಳು ವೆಚ್ಚ ಹಂಚಿಕೆಯವು. ಭೂಮಿ ಒದಗಿಸುವುದು ರಾಜ್ಯ ಸರ್ಕಾರ, ಕಾಮಗಾರಿಯ ವೆಚ್ಚದಲ್ಲೂ ಅದರದೊಂದು ಪಾಲು. ಹಳಿ ಹಾಕುವುದು ರೈಲ್ವೆ. ತುಮಕೂರು–ರಾಯದುರ್ಗ, ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗಗಳು ಈ ಬಗೆಯವು. ರಾಜ್ಯದ ಕಡೆಯಿಂದ ಇವುಗಳ ಕಡತ ನೋಡಿಕೊಳ್ಳುವುದು ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ. ಬೊಮ್ಮಾಯಿ ಸಂಪುಟದಲ್ಲಿ ವಸತಿಯ ಜತೆಗೆ ಸೋಮಣ್ಣನವರ ಕೈಯಲ್ಲಿದ್ದುದು ಇದೇ ಇಲಾಖೆ. ಅಂದರೆ 2023ರವರೆಗೆ ರಾಜ್ಯದ ಪರವಾಗಿ ರೈಲ್ವೆಯನ್ನು ಕೇಳುತ್ತಿದ್ದವರು 2024ರಿಂದ ರೈಲ್ವೆಯ ಪರವಾಗಿ ರಾಜ್ಯವನ್ನು ಭೂಮಿ ಎಲ್ಲಿ ಎಂದು ಕೇಳುವ ಸ್ಥಾನದಲ್ಲಿ ಕುಳಿತರು. ಮಾರ್ಗ ತಡವಾದಾಗ ಭೂಸ್ವಾಧೀನ ಮುಗಿದಿಲ್ಲ ಎಂದು ರೈಲ್ವೆಯೂ, ಹಣ ಬಂದಿಲ್ಲ ಎಂದು ರಾಜ್ಯವೂ ಹೇಳುವುದು ವಾಡಿಕೆ. ಎರಡೂ ಕಡತಗಳನ್ನು ಕಂಡವರಿಗೆ ಈ ಎರಡು ಉತ್ತರಗಳ ತೂಕ ಗೊತ್ತಿರುತ್ತದೆ. ಮೇಲ್ಸೇತುವೆ, ಕೆಳಸೇತುವೆ ಕಟ್ಟಿ ಲೆವೆಲ್ ಕ್ರಾಸಿಂಗ್‌ಗಳನ್ನು ತೆಗೆಯುವ ಕೆಲಸಕ್ಕೆ ಅವರು ಹೆಚ್ಚು ಒತ್ತು ಕೊಟ್ಟಿದ್ದಾರೆ. ಗೇಟು ಹಾಕಿದಾಗ ಆಂಬುಲೆನ್ಸ್, ಶಾಲಾ ವಾಹನ, ಹಾಲಿನ ಗಾಡಿ ಸಾಲುಗಟ್ಟಿ ನಿಲ್ಲುವ ಈ ಸಮಸ್ಯೆ ವಾರ್ಡು ರಾಜಕಾರಣದಿಂದ ಬಂದವರ ಕಣ್ಣಿಗೆ ಬೇಗ ಬೀಳುವಂಥದ್ದು.

ಬೆಂಗಳೂರು ಉಪನಗರ ರೈಲು ಯೋಜನೆಯೂ ಇದೇ ಜೋಡಿ ಹೊಣೆಯದು. 148 ಕಿ.ಮೀ., ನಾಲ್ಕು ಕಾರಿಡಾರ್, 15,767 ಕೋಟಿ ರೂಪಾಯಿ ಅಂದಾಜಿನ ಈ ಯೋಜನೆಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಜಾರಿಗೊಳಿಸುತ್ತಿರುವ ಕೆ-ರೈಡ್ ರಾಜ್ಯ ಸರ್ಕಾರ ಮತ್ತು ರೈಲ್ವೆಯ ಜಂಟಿ ಸಂಸ್ಥೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರಿಟ್ಟ ಕಾರಿಡಾರ್‌ಗಳಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗುವ ಪಾರಿಜಾತ ಪಶ್ಚಿಮ ಬೆಂಗಳೂರಿಗೆ ಸಂಬಂಧಿಸಿದ್ದು. ವಿಜಯನಗರದ ಜನ ದಿನವೂ ಹತ್ತುವ ನೇರಳೆ ಮಾರ್ಗದ ಮೆಟ್ರೊ ಮಾತ್ರ ರೈಲ್ವೆ ಸಚಿವಾಲಯಕ್ಕೆ ಸೇರಿಲ್ಲ. ಅದು ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ವ್ಯಾಪ್ತಿಯದು. ಆ ಭಾಗದವರಿಗೆ ರೈಲ್ವೆ ಎಂದರೆ ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ ನಿಲ್ದಾಣಗಳ ಮೈಸೂರು ಮಾರ್ಗ.

ಸ್ಥಳೀಯ ಮತ್ತು ರಾಷ್ಟ್ರೀಯ ಸ್ಥಾನಗಳ ಕಾನೂನು ಸಂಬಂಧ

ಸೋಮಣ್ಣನವರಂತೆ ಸ್ಥಳೀಯ ಸಂಸ್ಥೆಯಿಂದ ಸಂಸತ್ತಿಗೆ ಏರುವ ಪದ್ಧತಿ ಹಲವು ದೇಶಗಳಲ್ಲಿದೆ. ಐರ್ಲೆಂಡ್‌ನಲ್ಲಿ ಕೌಂಟಿ ಕೌನ್ಸಿಲ್‌ನಲ್ಲಿ ಕೆಲಸ ಮಾಡಿ, ಅಲ್ಲಿ ಗಳಿಸಿದ ಜನಸಂಪರ್ಕದ ಬಲದಿಂದ ಸಂಸತ್ತಿನ ಕೆಳಮನೆಯಾದ ಡಾಲ್‌ಗೆ ಹೋಗುವುದು ರೂಢಿ. ಅಲ್ಲಿ ಬಹಳ ಕಾಲ ಒಬ್ಬರೇ ಎರಡೂ ಸ್ಥಾನಗಳಲ್ಲಿ ಇರಬಹುದಿತ್ತು. 2003ರ ಕಾಯ್ದೆ ಅದನ್ನು ನಿಲ್ಲಿಸಿತು. ಮತದಾರನ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು ಬೆಳೆಯುವ ಅಲ್ಲಿನ ಕ್ಷೇತ್ರ ರಾಜಕಾರಣಕ್ಕೂ ಬೆಂಗಳೂರಿನ ವಾರ್ಡು ರಾಜಕಾರಣಕ್ಕೂ ಸಾಕಷ್ಟು ಹೋಲಿಕೆಯಿದೆ.

ಭಾರತದಲ್ಲಿ ಸಂಸತ್ತು ಮತ್ತು ರಾಜ್ಯ ವಿಧಾನಮಂಡಲ ಎರಡರಲ್ಲೂ ಏಕಕಾಲಕ್ಕೆ ಸದಸ್ಯರಾಗಿರಲು ಸಂವಿಧಾನದ 101ನೇ ವಿಧಿ ಬಿಡುವುದಿಲ್ಲ. ಆದರೆ 243ಆರ್ ವಿಧಿ ಸಂಸದರಿಗೂ ಶಾಸಕರಿಗೂ ನಗರಸಭೆಗಳಲ್ಲಿ ಪ್ರಾತಿನಿಧ್ಯ ಕೊಡಲು ರಾಜ್ಯಗಳಿಗೆ ಅವಕಾಶ ನೀಡಿದೆ. ಕರ್ನಾಟಕ ಅದನ್ನು ಬಳಸಿಕೊಂಡಿತು. ಪರಿಣಾಮ ಏನೆಂಬುದು 2015ರಲ್ಲಿ ಎದ್ದು ಕಂಡಿತು: ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) 198 ವಾರ್ಡುಗಳಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದಿದ್ದವು. ಆದರೂ ಶಾಸಕರು, ಸಂಸದರು, ಪರಿಷತ್ ಸದಸ್ಯರ ಮತಗಳು ಸೇರಿದಾಗ ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ ಮೇಯರ್ ಆದರು. ಶಾಸಕನ ಹಿಡಿತದಿಂದ ಪಾಲಿಕೆ ಬಿಡಿಸಿಕೊಳ್ಳಲಾರದೆ ಇರುವುದಕ್ಕೆ ಈ ವ್ಯವಸ್ಥೆಯೂ ಒಂದು ಕಾರಣ.

ಸದ್ಯದ ಸ್ಥಿತಿ

ಸೋಮಣ್ಣ ರಾಜಕಾರಣ ಆರಂಭಿಸಿದ ಪಾಲಿಕೆಯ ಸ್ವರೂಪ ಈ ನಾಲ್ಕು ದಶಕಗಳಲ್ಲಿ ಹಲವು ಸಲ ಬದಲಾಗಿದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬಿಬಿಎಂಪಿ ಆಯಿತು. ಅದಕ್ಕೆ 2010 ಮತ್ತು 2015ರಲ್ಲಿ ಎರಡು ಸಲ ಮಾತ್ರ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರ್ 10ರಂದು ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದರು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಹುಟ್ಟಿದವು. ಗೋವಿಂದರಾಜನಗರ, ವಿಜಯನಗರ ಪಶ್ಚಿಮ ಪಾಲಿಕೆಗೆ ಸೇರಿದವು. ಆ ಪಾಲಿಕೆ ಕೆಲಸ ಆರಂಭಿಸಿದ ದಿನ ಅದರಲ್ಲಿ ಒಬ್ಬ ಚುನಾಯಿತ ಕಾರ್ಪೊರೇಟರ್ ಕೂಡ ಇರಲಿಲ್ಲ.